ಟ್ಯಾಂಕಿನ ಒಳಗಿನ ಲೆಕ್ಕ

(ಸಾಕ್ಷರತಾ ಕೇಂದ್ರದಲ್ಲಿ ಅಕ್ಕತಂಗಿಯರ ಮುಂದೆ ಆಡಿದ ಮಾತು)



ನೀವೆಲ್ಲ ಅಕ್ಷರ ಕಲಿತಿದ್ದೀರಿ. ನಿಮ್ಮ ಹೆಸರು ನೀವೇ ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಕೂಡುವ ಲೆಕ್ಕ, ಕಳೆಯುವ ಲೆಕ್ಕ ಮಾಡುತ್ತೀರಿ. ಕಲಿತ ಲೆಕ್ಕ ಪುಸ್ತಕದಲ್ಲೇ ಉಳಿಯಬಾರದು, ಅಲ್ಲವೆ? ಅದು ಹೊಲಕ್ಕೆ ಬರಬೇಕು. ಸಂಘಕ್ಕೆ ಬರಬೇಕು. ಗಾಡಿಗೂ ಬರಬೇಕು. ಇವತ್ತು ನಾನು ಗಾಡಿಯ ಲೆಕ್ಕ ಹೇಳುತ್ತೇನೆ.

ನನ್ನ ಕೆಲಸ ಏನು ಗೊತ್ತೆ? ಲಾರಿ, ಟ್ರ್ಯಾಕ್ಟರು, ಮಣ್ಣು ತೆಗೆಯುವ ಯಂತ್ರ, ಇಂಥವುಗಳ ಟ್ಯಾಂಕಿಗೆ ಒಂದು ಸಾಧನ ಕೂಡಿಸುವುದು. ಟ್ಯಾಂಕಿನ ಒಳಗೆ ಎಷ್ಟು ಡೀಸೆಲ್ ಇದೆ ಅಂತ ಅದು ಹೇಳುತ್ತದೆ. ಅದಕ್ಕೆ ಸೆನ್ಸರ್ ಅನ್ನುತ್ತಾರೆ.

"ಗಾಡಿಗೂ ನಮಗೂ ಏನು ಸಂಬಂಧ?" ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. ಇವತ್ತು ಕರ್ನಾಟಕದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಕೆಲವು ಸಂಘಗಳು ಟ್ರ್ಯಾಕ್ಟರು ಇಟ್ಟುಕೊಂಡು ಬಾಡಿಗೆಗೆ ಬಿಡುತ್ತವೆ. ಗಾಡಿ ಬಂತು ಅಂದರೆ ಡೀಸೆಲ್ ಬಂತು. ಡೀಸೆಲ್ ಬಂತು ಅಂದರೆ ಲೆಕ್ಕ ಬಂತು. ಲೆಕ್ಕ ತಪ್ಪಿದರೆ ಏನು ಬರುತ್ತದೆ? ಜಗಳ ಬರುತ್ತದೆ.

ಕಾಣದ್ದನ್ನು ಅಳೆಯುವುದು

ನಮ್ಮ ಹೆಣ್ಣುಮಕ್ಕಳಿಗೆ ಕಾಣದ್ದನ್ನು ಅಳೆಯುವುದು ಹೊಸತಲ್ಲ. ಯೋಚನೆ ಮಾಡಿ ನೋಡಿ.

ಬಾವಿಯಲ್ಲಿ ನೀರು ಎಷ್ಟು ಇಳಿದಿದೆ? ಹಗ್ಗ ಎಷ್ಟು ಮೊಳ ಇಳಿಯಿತು ಅಂತ ನೋಡಿ ಹೇಳುತ್ತೀರಿ.

ಮಡಕೆಯಲ್ಲಿ ರಾಗಿ ಎಷ್ಟಿದೆ? ಕೈ ಇಳಿಸಿ ನೋಡುತ್ತೀರಿ.

ಗ್ಯಾಸಿನ ಸಿಲಿಂಡರು ಖಾಲಿ ಆಗುತ್ತಾ ಬಂತೆ? ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಗೆ ಒರೆಸುತ್ತೀರಿ. ಮೇಲಿನ ಭಾಗ ಬೇಗ ಒಣಗುತ್ತದೆ. ಕೆಳಗಿನ ಭಾಗ ತಡವಾಗಿ ಒಣಗುತ್ತದೆ. ತೇವ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಗ್ಯಾಸು ಇದೆ.

ಇದೇ ಸೆನ್ಸರ್ ಮಾಡುವ ಕೆಲಸ. ಒಳಗೆ ಇಣುಕಲು ಆಗದ ಕಡೆ ಮಟ್ಟ ಎಷ್ಟಿದೆ ಅಂತ ಹೇಳುವುದು.

ಗಾಡಿಯಲ್ಲಿ ಚಾಲಕರ ಮುಂದೆ ಒಂದು ಗಡಿಯಾರದಂಥದ್ದು ಇರುತ್ತದೆ. ಅದರಲ್ಲಿ ಒಂದು ಮುಳ್ಳು. ಒಂದು ಕಡೆ ಕೆಂಪು ಗೆರೆ. ಅಲ್ಲಿಗೆ ಬಂದರೆ ಡೀಸೆಲ್ ಮುಗಿಯುತ್ತಾ ಬಂತು. ಇನ್ನೊಂದು ಕಡೆಗೆ ಹೋದರೆ ಟ್ಯಾಂಕು ತುಂಬಿದೆ. ನಡುವೆ ನಿಂತರೆ ಅರ್ಧ.

ಈ ಮುಳ್ಳನ್ನು ಆಡಿಸುವವರು ಯಾರು? ಟ್ಯಾಂಕಿನ ಒಳಗೆ ಒಂದು ಬೆಂಡು ಇದೆ. ನೀರಿನ ಮೇಲೆ ತೇಲುವ ಬೆಂಡಿನ ಹಾಗೆ ಅದು ಡೀಸೆಲ್ ಮೇಲೆ ತೇಲುತ್ತದೆ. ಬೆಂಡಿಗೆ ಒಂದು ತಂತಿಯ ತೋಳು. ಡೀಸೆಲ್ ಇಳಿದರೆ ಬೆಂಡೂ ಇಳಿಯುತ್ತದೆ. ತೋಳು ಸರಿಯುತ್ತದೆ. ತೋಳಿನ ಬುಡದಲ್ಲಿ ವಿದ್ಯುತ್ ಹರಿಯುವುದು ಹೆಚ್ಚು ಕಡಿಮೆ ಆಗುತ್ತದೆ. ಅದನ್ನು ಮುಳ್ಳು ತೋರಿಸುತ್ತದೆ. ಅಷ್ಟೇ.

ಇಲ್ಲಿ ಒಂದು ಮಾತು ಗಮನದಲ್ಲಿ ಇಡಿ. ಬೆಂಡಿಗೆ ಎತ್ತರ ಮಾತ್ರ ಗೊತ್ತು. ಲೀಟರು ಗೊತ್ತಿಲ್ಲ. ಮುಳ್ಳು ಅರ್ಧ ಅಂದರೆ ಎತ್ತರದಲ್ಲಿ ಅರ್ಧ. ಡೀಸೆಲ್ ಕೂಡ ಅರ್ಧ ಇದೆ ಅಂತ ಅರ್ಥ ಅಲ್ಲ.

ಈ ಸಣ್ಣ ಮಾತು ಒಂದು ಊರಿನ ಸಂಘವನ್ನೇ ಒಡೆಯುವುದರಲ್ಲಿತ್ತು. ಕೇಳಿ.

ಒಂದು ಸಂಘದ ಜಗಳ

ಊರಿನ ಹೆಸರು ಬೇಡ. ಹೆಣ್ಣುಮಕ್ಕಳ ಹೆಸರೂ ಬೇಡ. ಆ ಊರಿನ ಸ್ತ್ರೀಯರ ಸಂಘ ಸಾಲ ಮಾಡಿ ಒಂದು ಟ್ರ್ಯಾಕ್ಟರು ತಂದಿತ್ತು. ಮಳೆ ಬಿದ್ದ ಮೇಲೆ ಬಿಡುವೇ ಇಲ್ಲ. ದಿನಕ್ಕೆ 12 ಗಂಟೆ ಉಳುಮೆ. ಒಬ್ಬರಿಂದ ಆಗುವ ಕೆಲಸ ಅಲ್ಲ. ಅದಕ್ಕೆ ಇಬ್ಬರು ಚಾಲಕರು.

ಬೆಳಿಗ್ಗೆ 7 ಗಂಟೆಯಿಂದ ಮಧ್ಯಾಹ್ನ 2 ಗಂಟೆಯವರೆಗೆ ಒಬ್ಬ ಹುಡುಗ. ಸಂಘದ ಸದಸ್ಯೆಯೊಬ್ಬರ ಮಗ.

ಮಧ್ಯಾಹ್ನ 3 ಗಂಟೆಯಿಂದ ರಾತ್ರಿ 8 ಗಂಟೆಯವರೆಗೆ ಒಬ್ಬ ಹೆಣ್ಣುಮಗಳು. ಗಂಡ ತೀರಿಹೋಗಿದ್ದ. ಎರಡು ಮಕ್ಕಳು. ಟ್ರ್ಯಾಕ್ಟರು ಓಡಿಸುವುದು ಕಲಿತು, ಲೈಸೆನ್ಸು ಮಾಡಿಸಿಕೊಂಡು ಕೆಲಸಕ್ಕೆ ಸೇರಿದ್ದಳು. ಸಾಕ್ಷರತಾ ತರಗತಿಗೂ ಹೋಗುತ್ತಿದ್ದಳು.

ದಿನಾ ಬೆಳಿಗ್ಗೆ ಬಂಕಿನಲ್ಲಿ ಟ್ಯಾಂಕು ತುಂಬಿಸುತ್ತಿದ್ದರು. ಕೆಂಪು ಗೆರೆಯಿಂದ ತುಂಬುವವರೆಗೆ 60 ಲೀಟರು ಹಿಡಿಯುತ್ತಿತ್ತು. ಹುಡುಗ 7 ಗಂಟೆ ಓಡಿಸಿ ಬಿಟ್ಟಾಗ ಮುಳ್ಳು ಅರ್ಧಕ್ಕೆ ಬರುತ್ತಿತ್ತು. ಆಮೇಲೆ ಆ ಹೆಣ್ಣುಮಗಳು 5 ಗಂಟೆ ಓಡಿಸಿದರೆ ಮುಳ್ಳು ಕೆಂಪು ಗೆರೆಗೆ ಬರುತ್ತಿತ್ತು.

ಲೆಕ್ಕ ಬರೆಯುವ ಅಕ್ಕ ಯೋಚನೆ ಮಾಡಿದರು. ಒಟ್ಟು 60 ಲೀಟರು. ಅರ್ಧ ಅಂದರೆ 30. ಹುಡುಗ 30 ಲೀಟರಿಗೆ 7 ಗಂಟೆ ಓಡಿಸುತ್ತಾನೆ. ಇವಳು 30 ಲೀಟರಿಗೆ 5 ಗಂಟೆ ಮಾತ್ರ ಓಡಿಸುತ್ತಾಳೆ. ಅದೇ ಟ್ರ್ಯಾಕ್ಟರು. ಅದೇ ನೆಲ. ಅದೇ ರೋಟಾವೇಟರ್. ಹಾಗಾದರೆ ಉಳಿದ ಡೀಸೆಲ್ ಎಲ್ಲಿ ಹೋಯಿತು?

ಸಂಘದ ಸಭೆ ಕೂಡಿತು. ಒಬ್ಬೊಬ್ಬರು ಒಂದೊಂದು ಮಾತು.

"ಏನವ್ವಾ, ದಿನಕ್ಕೆ ಎಂಟು ಲೀಟರ್ ಮೇಲೆ ಕಮ್ಮಿ ಬತ್ತಾ ಐತಲ್ಲ. ಯಾರಿಗೆ ಕೊಡ್ತಿದ್ದೀಯ?"

"ಕತ್ತಲೆ ಹೊತ್ನಲ್ಲಿ ಓಡ್ಸೋಳು. ಯಾರ್ ಕಂಡೋರು?"

"ಪಾಪ, ಮಕ್ಕಳಿಗೆ ಕಷ್ಟ ಇದ್ರೆ ಕೇಳಬೇಕಿತ್ತು. ಹಿಂಗಾ ಮಾಡೋದು?"

ಕೊನೆಯ ಮಾತು ಇದೆಯಲ್ಲ, ಅದು ಬೈಗುಳಕ್ಕಿಂತ ಹೆಚ್ಚು ಸುಡುತ್ತದೆ. ಆ ಹೆಣ್ಣುಮಗಳು ಅಳಲಿಲ್ಲ. ಎದ್ದು ನಿಂತಳು.

"ನಾನು ಒಂದು ತೊಟ್ಟೂ ಮುಟ್ಟಿಲ್ಲ ಅಕ್ಕ. ನಾನು ಹತ್ತುವಾಗ, ಇಳಿಯುವಾಗ ಗಂಟೆಯ ಮೀಟರು ನೋಡಿ ಬರೆದಿದ್ದೀನಿ. ಪುಸ್ತಕ ಇಲ್ಲೈತೆ. ನೋಡಿ. ಅಳೆದು ನೋಡಿ, ಆಮೇಲೆ ಹೇಳಿ" ಅಂದಳು.

ಟ್ರ್ಯಾಕ್ಟರಿನಲ್ಲಿ ಗಂಟೆಯ ಮೀಟರು ಅಂತ ಇರುತ್ತದೆ. ಇಂಜಿನು ಎಷ್ಟು ಗಂಟೆ ಓಡಿತು ಅಂತ ಅದು ಎಣಿಸುತ್ತದೆ. ಆ ಅಂಕಿಗಳನ್ನು ಅವಳು ದಿನವೂ ಬರೆದಿದ್ದಳು. ಅಕ್ಷರ ಸೊಟ್ಟ ಇದ್ದವು. ಅಂಕಿ ನೆಟ್ಟಗಿದ್ದವು.

ಸಂಘದ ಅಧ್ಯಕ್ಷೆ ಹಿರಿಯರು. "ಅಳೆಯದೆ ಆಡಿದ ಮಾತು ಸಂಘಕ್ಕೆ ಶೋಭೆ ಅಲ್ಲ. ಅಳೆಯೋಣ" ಅಂದರು. ನನಗೆ ಹೇಳಿ ಕಳಿಸಿದರು.

ಐದು ಲೀಟರಿನ ಅಳತೆ

ನಾನು ಹೋದೆ. ನನ್ನ ಹತ್ತಿರ ಸರ್ಕಾರದ ಮುದ್ರೆ ಇರುವ 5 ಲೀಟರಿನ ಅಳತೆ ಇತ್ತು. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದೆವು. ಟ್ಯಾಂಕಿನ ತಳದ ಬಿರಡೆ ತೆಗೆದು ಡೀಸೆಲ್ಲನ್ನೆಲ್ಲ ಶುಚಿಯಾದ ಕ್ಯಾನುಗಳಿಗೆ ಬಿಟ್ಟೆವು. ಟ್ಯಾಂಕು ಪೂರಾ ಖಾಲಿ ಆಯಿತು. ಬಿರಡೆ ಮತ್ತೆ ಭದ್ರ ಮಾಡಿದೆವು.

ಆಮೇಲೆ ಒಂದು ಅಳತೆ ಸುರಿಯುವುದು. ಸ್ವಲ್ಪ ಹೊತ್ತು ಬಿಡುವುದು. ಕೀಲಿ ತಿರುಗಿಸಿ ಮುಳ್ಳು ನೋಡುವುದು. ಬರೆಯುವುದು. ಮತ್ತೆ ಒಂದು ಅಳತೆ ಸುರಿಯುವುದು. ಸಂಘದ ಹೆಣ್ಣುಮಕ್ಕಳೆಲ್ಲ ಸುತ್ತ ನಿಂತು ಗಟ್ಟಿಯಾಗಿ ಎಣಿಸಿದರು. ಲೆಕ್ಕದ ಅಕ್ಕ ಬರೆದುಕೊಂಡರು.

1ನೇ ಅಳತೆ ಸುರಿದಾಗ ಮುಳ್ಳು ಕೆಂಪು ಗೆರೆಗೆ ಬಂತು.

6ನೇ ಅಳತೆ ಸುರಿದಾಗ ಮುಳ್ಳು ಅರ್ಧಕ್ಕೆ ಬಂತು.

13ನೇ ಅಳತೆ ಸುರಿದಾಗ ಮುಳ್ಳು ತುಂಬಿದ ಗುರುತಿಗೆ ಬಂತು.

ಈಗ ನೀವೇ ಲೆಕ್ಕ ಹಾಕಿ. ಕೆಂಪು ಗೆರೆಯಿಂದ ಅರ್ಧಕ್ಕೆ ಎಷ್ಟು ಅಳತೆ? 6ರಲ್ಲಿ 1 ಕಳೆದರೆ 5. ಐದು ಅಳತೆ ಅಂದರೆ 25 ಲೀಟರು.

ಅರ್ಧದಿಂದ ತುಂಬುವವರೆಗೆ ಎಷ್ಟು ಅಳತೆ? 13ರಲ್ಲಿ 6 ಕಳೆದರೆ 7. ಏಳು ಅಳತೆ ಅಂದರೆ 35 ಲೀಟರು.

ಕಂಡಿರಾ? ಒಟ್ಟು 60 ಲೀಟರು ಸರಿ. ಆದರೆ ಅರ್ಧದ ಮೇಲೆ 35. ಅರ್ಧದ ಕೆಳಗೆ 25. ಆ ಟ್ಯಾಂಕು ಮೇಲೆ ಅಗಲ, ಕೆಳಗೆ ಕಿರಿದು. ಇಂಜಿನಿನ ಪಕ್ಕದಲ್ಲಿ ಜಾಗ ನೋಡಿಕೊಂಡು ಹಾಗೆ ಮಾಡಿದ್ದರು.

ಹುಡುಗ 7 ಗಂಟೆಗೆ 35 ಲೀಟರು ಸುಟ್ಟಿದ್ದ. 35ನ್ನು 7ರಿಂದ ಭಾಗಿಸಿ. ಗಂಟೆಗೆ 5 ಲೀಟರು.

ಹೆಣ್ಣುಮಗಳು 5 ಗಂಟೆಗೆ 25 ಲೀಟರು ಸುಟ್ಟಿದ್ದಳು. 25ನ್ನು 5ರಿಂದ ಭಾಗಿಸಿ. ಗಂಟೆಗೆ 5 ಲೀಟರು.

ಇಬ್ಬರದೂ ಒಂದೇ. ಒಂದು ತೊಟ್ಟೂ ಕಳವಾಗಿರಲಿಲ್ಲ.

ಸುತ್ತ ನಿಂತವರು ಸುಮ್ಮನಾದರು. ಲೆಕ್ಕದ ಅಕ್ಕ ಪುಸ್ತಕ ಮಡಿಸಿ ಅವಳ ಹತ್ತಿರ ಹೋದರು. "ತಪ್ಪಾಯ್ತು ಕಣವ್ವ" ಅಂದರು. ಅವಳು, "ನಿಮ್ಮ ಲೆಕ್ಕ ತಪ್ಪಿರಲಿಲ್ಲ ಅಕ್ಕ, ಮುಳ್ಳು ನಂಬಿದ್ದು ತಪ್ಪು" ಅಂದಳು. ದೊಡ್ಡ ಮನಸ್ಸು. ಆದರೆ ಅವಳ ಹತ್ತಿರ ಆ ಪುಸ್ತಕ ಇಲ್ಲದಿದ್ದರೆ? ಗಂಟೆ ಎಷ್ಟು ಅಂತಲೇ ಗೊತ್ತಿಲ್ಲದಿದ್ದರೆ? ಕೆಲಸವೂ ಹೋಗುತ್ತಿತ್ತು, ಹೆಸರೂ ಹೋಗುತ್ತಿತ್ತು.

ಆ ಸಂಘದವರು ಒಂದು ರಟ್ಟಿನ ಪಟ್ಟಿ ಮಾಡಿದರು. ಮುಳ್ಳು ಎಲ್ಲಿದ್ದರೆ ಎಷ್ಟು ಲೀಟರು ಅಂತ ಬರೆದು ಚಾಲಕರ ಮುಂದೆ ಅಂಟಿಸಿದರು. ಒಂದೇ ಟ್ರ್ಯಾಕ್ಟರು ಇರುವ ಸಂಘಕ್ಕೆ ಅಷ್ಟು ಸಾಕು.

ಕೊಡದ ಪಾಠ

ಹೀಗೆ ಅಳತೆ ಅಳತೆಯಾಗಿ ಸುರಿದು ಪಟ್ಟಿ ಮಾಡುವುದಕ್ಕೆ ನಮ್ಮ ಕೆಲಸದಲ್ಲಿ ಕ್ಯಾಲಿಬ್ರೇಷನ್ ಅನ್ನುತ್ತಾರೆ. ದೊಡ್ಡ ಪದ. ಹೆದರಬೇಡಿ. ಕನ್ನಡದಲ್ಲಿ ಹೇಳಿದರೆ ಅಳತೆ ಹೊಂದಿಸುವುದು.

ಇದನ್ನು ನೀವು ಮನೆಯಲ್ಲೇ ಮಾಡಬಹುದು. ಒಂದು ಕೊಡ ತೆಗೆದುಕೊಳ್ಳಿ. ಒಂದು ಉದ್ದದ ಕಡ್ಡಿ. ಒಂದು ಲೀಟರಿನ ಅಳತೆ. ಒಂದು ಸೀಮೆಸುಣ್ಣ.

ಕೊಡಕ್ಕೆ ಒಂದು ಲೀಟರು ನೀರು ಹಾಕಿ. ಕಡ್ಡಿಯನ್ನು ನೆಟ್ಟಗೆ ತಳ ಮುಟ್ಟುವವರೆಗೆ ಇಳಿಸಿ. ಮೇಲೆ ಎತ್ತಿ. ಎಲ್ಲಿಯವರೆಗೆ ನೆನೆದಿದೆಯೋ ಅಲ್ಲಿ ಗೆರೆ ಹಾಕಿ. ಕಡ್ಡಿ ಒರೆಸಿ. ಇನ್ನೊಂದು ಲೀಟರು ಹಾಕಿ. ಮತ್ತೆ ಗೆರೆ ಹಾಕಿ. ಹೀಗೆ ಕೊಡ ತುಂಬುವವರೆಗೆ ಮಾಡಿ.

ಕೊನೆಗೆ ಕಡ್ಡಿ ನೋಡಿ. ಗೆರೆಗಳು ಒಂದೇ ದೂರದಲ್ಲಿ ಇರುವುದಿಲ್ಲ. ಕೊಡದ ತಳ ಕಿರಿದು. ಅಲ್ಲಿ ಗೆರೆಗಳು ದೂರ ದೂರ. ಕೊಡದ ಹೊಟ್ಟೆ ಅಗಲ. ಅಲ್ಲಿ ಗೆರೆಗಳು ಹತ್ತಿರ ಹತ್ತಿರ. ಕೊಡದ ಕುತ್ತಿಗೆ ಕಿರಿದು. ಅಲ್ಲಿ ಮತ್ತೆ ದೂರ ದೂರ.

ಆ ಕಡ್ಡಿ ಈಗ ಬರೀ ಕಡ್ಡಿ ಅಲ್ಲ. ಅದು ಆ ಕೊಡದ ಅಳತೆಗೋಲು. ಆ ಕೊಡಕ್ಕೆ ಮಾತ್ರ. ಪಕ್ಕದ ಮನೆಯ ಕೊಡಕ್ಕೆ ಅದೇ ಕಡ್ಡಿ ಇಳಿಸಿದರೆ ಲೆಕ್ಕ ತಪ್ಪುತ್ತದೆ. ಗಾಡಿಯೂ ಹಾಗೇ. ಒಂದು ಗಾಡಿಯ ಪಟ್ಟಿ ಇನ್ನೊಂದು ಗಾಡಿಗೆ ಆಗುವುದಿಲ್ಲ.

ಪೆಟ್ರೋಲ್ ಬಂಕಿನಲ್ಲಿ ನೆಲದ ಕೆಳಗೆ ದೊಡ್ಡ ಟ್ಯಾಂಕು ಇರುತ್ತದೆ. ಅದಕ್ಕೂ ಅವರು ಉದ್ದದ ಕೋಲು ಇಳಿಸಿ ನೋಡುತ್ತಾರೆ. ಕೋಲು ಎಷ್ಟು ನೆನೆದರೆ ಎಷ್ಟು ಲೀಟರು ಅನ್ನುವ ಪಟ್ಟಿ ಅವರ ಹತ್ತಿರ ಇರುತ್ತದೆ. ನಿಮ್ಮ ಕೊಡದ ಕಡ್ಡಿಗೂ ಅವರ ಕೋಲಿಗೂ ವ್ಯತ್ಯಾಸ ಏನೂ ಇಲ್ಲ.

ಸೆನ್ಸರ್ ಅಂದರೆ ಏನು?

ಒಂದು ಟ್ರ್ಯಾಕ್ಟರಿಗೆ ರಟ್ಟಿನ ಪಟ್ಟಿ ಸಾಕು ಅಂದೆ. ಆದರೆ ಹತ್ತು ಲಾರಿ ಇರುವವರು ಏನು ಮಾಡಬೇಕು? ಲಾರಿ ಇರುವುದು ಬಳ್ಳಾರಿಯಲ್ಲಿ, ಯಜಮಾನರು ಇರುವುದು ಹಾಸನದಲ್ಲಿ. ಅಂಥವರಿಗೆ ಸೆನ್ಸರ್ ಬೇಕು.

ನಾವು ಕೂಡಿಸುವ ಸೆನ್ಸರ್ ಒಂದು ಉದ್ದದ ಕೊಳವೆ. ಅದರ ಒಳಗೆ ಇನ್ನೊಂದು ಸಣ್ಣ ಕೊಳವೆ. ಎರಡರ ನಡುವೆ ಸ್ವಲ್ಪ ಸಂದು. ಅದನ್ನು ಟ್ಯಾಂಕಿನ ಒಳಗೆ ನೆಟ್ಟಗೆ ನಿಲ್ಲಿಸುತ್ತೇವೆ. ಡೀಸೆಲ್ ಆ ಸಂದಿಗೆ ನುಗ್ಗುತ್ತದೆ. ಹೊರಗೆ ಎಷ್ಟು ಎತ್ತರ ಇದೆಯೋ ಒಳಗೂ ಅಷ್ಟೇ ಎತ್ತರ ನಿಲ್ಲುತ್ತದೆ.

ಆ ಎರಡು ಕೊಳವೆಗಳು ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುತ್ತವೆ. ನಡುವೆ ಗಾಳಿ ಇದ್ದರೆ ಕಡಿಮೆ ಹಿಡಿಯುತ್ತವೆ. ಡೀಸೆಲ್ ಇದ್ದರೆ ಅದರ ಸುಮಾರು 2 ಪಟ್ಟು ಹಿಡಿಯುತ್ತವೆ. ಡೀಸೆಲ್ ಏರಿದಷ್ಟೂ ಹಿಡಿಯುವುದು ಹೆಚ್ಚು. ಇಳಿದಷ್ಟೂ ಕಡಿಮೆ. ಅದನ್ನು ನೋಡಿ ಸೆನ್ಸರ್ ಒಂದು ಅಂಕಿ ಹೇಳುತ್ತದೆ. ಬೆಂಡು ಇಲ್ಲ. ತೋಳು ಇಲ್ಲ. ಆಡುವ ಭಾಗ ಯಾವುದೂ ಇಲ್ಲ. ಅದಕ್ಕೆ ಬೇಗ ಸವೆಯುವುದಿಲ್ಲ.

ಆದರೆ ಅದಕ್ಕೆ ಒಂದು ಶತ್ರು ಇದೆ. ನೀರು. ಡೀಸೆಲ್ ಗಾಳಿಯ 2 ಪಟ್ಟು ಅಂದೆನಲ್ಲ, ನೀರು ಸುಮಾರು 80 ಪಟ್ಟು. ಒಂದು ಲೋಟ ನೀರು ಕೊಳವೆಗೆ ನುಗ್ಗಿದರೂ ಸೆನ್ಸರ್ ಸುಳ್ಳು ಹೇಳುತ್ತದೆ. ನೀರು ಡೀಸೆಲ್ಲಿಗಿಂತ ಭಾರ. ಅದು ತಳಕ್ಕೆ ಇಳಿಯುತ್ತದೆ. ಅದಕ್ಕೆ ಕೊಳವೆಯನ್ನು ಟ್ಯಾಂಕಿನ ತಳ ಮುಟ್ಟಿಸುವುದಿಲ್ಲ. ಸುಮಾರು 2 ಸೆಂಟಿಮೀಟರು ಮೇಲೆ ನಿಲ್ಲಿಸುತ್ತೇವೆ. ತಳದ ನೀರು, ಕೆಸರು ಅಲ್ಲೇ ಇರಲಿ ಅಂತ.

ಕೂಡಿಸುವುದು ಹೇಗೆ?

ಮೊದಲು ಜಾಗ ಹುಡುಕಬೇಕು. ಟ್ಯಾಂಕಿನ ನಟ್ಟ ನಡುವೆ ಕೂಡಿಸಬೇಕು. ಯಾಕೆ? ಅಗಲವಾದ ಬೋಗುಣಿಯಲ್ಲಿ ನೀರು ಹಾಕಿ ಸ್ವಲ್ಪ ಓರೆ ಮಾಡಿ ನೋಡಿ. ಒಂದು ಅಂಚಿನಲ್ಲಿ ನೀರು ಏರುತ್ತದೆ. ಇನ್ನೊಂದು ಅಂಚಿನಲ್ಲಿ ಇಳಿಯುತ್ತದೆ. ನಡುವೆ ಮಾತ್ರ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಗಾಡಿ ಏರು ಹತ್ತಿದಾಗ, ಇಳಿಜಾರಿನಲ್ಲಿ ಇಳಿದಾಗ, ಟ್ಯಾಂಕಿನಲ್ಲೂ ಹೀಗೇ ಆಗುತ್ತದೆ. ನಡುವೆ ಇರುವ ಸೆನ್ಸರ್ ಕಡಿಮೆ ತಪ್ಪು ಹೇಳುತ್ತದೆ.

ಆಮೇಲೆ ಟ್ಯಾಂಕಿನ ಆಳ ಅಳೆದು, ಅದಕ್ಕೆ ಸರಿಯಾಗಿ ಕೊಳವೆ ಕತ್ತರಿಸುತ್ತೇವೆ. ಟ್ಯಾಂಕಿನ ಮೇಲೆ ತೂತು ಕೊರೆಯುತ್ತೇವೆ. ಸೆನ್ಸರ್ ಇಳಿಸಿ, ರಬ್ಬರಿನ ಬಿಲ್ಲೆ ಇಟ್ಟು, ತಿರುಪು ಬಿಗಿ ಮಾಡುತ್ತೇವೆ. ಮಳೆ ನೀರು ಒಳಗೆ ಇಳಿಯಬಾರದು. ಧೂಳು ಇಳಿಯಬಾರದು. ತಂತಿ ಎಳೆದು ಫ್ಯೂಸು ಹಾಕುತ್ತೇವೆ. ಕೊನೆಗೆ ಯಾರೂ ಬಿಚ್ಚದಂತೆ ಮುದ್ರೆ ಹಾಕುತ್ತೇವೆ. ಮುದ್ರೆಗೆ ಒಂದು ನಂಬರು ಇರುತ್ತದೆ. ಅದನ್ನು ಬರೆದಿಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೊರೆಯುವ ಕೆಲಸ ಕಲಿತವರೇ ಮಾಡಬೇಕು. "ಟ್ಯಾಂಕು ಖಾಲಿ ಇದೆ, ಏನೂ ಆಗೋದಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಖಾಲಿ ಟ್ಯಾಂಕಿನಲ್ಲಿ ಎಣ್ಣೆಯ ಆವಿ ತುಂಬಿರುತ್ತದೆ. ಒಂದು ಕಿಡಿ ಬಿದ್ದರೆ ಸಿಡಿಯುತ್ತದೆ. ಪೆಟ್ರೋಲ್ ಟ್ಯಾಂಕು ಇನ್ನೂ ಅಪಾಯ. ಟ್ಯಾಂಕನ್ನು ಮೊದಲು ತೊಳೆದು ಆವಿ ಹೋಗಿಸಬೇಕು. ಬ್ಯಾಟರಿಯ ತಂತಿ ಬಿಚ್ಚಬೇಕು. ಹತ್ತಿರ ಬೀಡಿ ಸೇದಬಾರದು. ಒಲೆ ಇರಬಾರದು. ಮಕ್ಕಳು ಇರಬಾರದು.

ಪಟ್ಟಿ ಮಾಡುವುದು

ಸೆನ್ಸರ್ ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಹೇಳುವುದು ಬರೀ ಅಂಕಿ. ಆ ಅಂಕಿಗೆ ಎಷ್ಟು ಲೀಟರು? ಅದಕ್ಕೆ ಪಟ್ಟಿ ಬೇಕು. ಖಾಲಿ ಟ್ಯಾಂಕಿಗೆ ಅಳತೆ ಅಳತೆಯಾಗಿ ಡೀಸೆಲ್ ಹಾಕುತ್ತೇವೆ. ಪ್ರತಿ ಸಲ ಅಲುಗಾಟ ನಿಲ್ಲುವವರೆಗೆ ಕಾಯುತ್ತೇವೆ. ಅಂಕಿ ನೋಡಿ ಬರೆಯುತ್ತೇವೆ. ಬಂಕಿಗೇ ಗಾಡಿ ಒಯ್ದು 5 ಲೀಟರು, 5 ಲೀಟರು ಹಾಕಿಸುವುದೂ ಉಂಟು. ದೊಡ್ಡ ಲಾರಿಗೆ 20 ಲೀಟರು, 20 ಲೀಟರು.

ತಿಳಿಯಲಿ ಅಂತ ಒಂದು ಪಟ್ಟಿ ಹೇಳುತ್ತೇನೆ. ಬರೆದುಕೊಳ್ಳಿ.

5 ಲೀಟರು — ಅಂಕಿ 60

10 ಲೀಟರು — ಅಂಕಿ 148

30 ಲೀಟರು — ಅಂಕಿ 430

35 ಲೀಟರು — ಅಂಕಿ 490

60 ಲೀಟರು — ಅಂಕಿ 753

65 ಲೀಟರು — ಅಂಕಿ 800

ನೋಡಿ. ಕೆಳಗೆ 5 ಲೀಟರು ಹಾಕಿದಾಗ ಅಂಕಿ 60ರಿಂದ 148ಕ್ಕೆ ಏರಿತು. ಅಂದರೆ 88 ಏರಿತು. ಮೇಲೆ ಅದೇ 5 ಲೀಟರಿಗೆ 753ರಿಂದ 800ಕ್ಕೆ ಏರಿತು. ಅಂದರೆ 47 ಮಾತ್ರ. ಯಾಕೆ? ಕೆಳಗೆ ಕಿರಿದು, ಮೇಲೆ ಅಗಲ. ಕೊಡದ ಪಾಠವೇ.

ಇನ್ನೊಂದು ಲೆಕ್ಕ. ಸೆನ್ಸರ್ 460 ಅಂತ ತೋರಿಸಿತು. ಎಷ್ಟು ಲೀಟರು? 430ಕ್ಕೂ 490ಕ್ಕೂ ನಟ್ಟ ನಡುವೆ 460 ಇದೆ. ಹಾಗಾದರೆ 30 ಲೀಟರಿಗೂ 35 ಲೀಟರಿಗೂ ನಟ್ಟ ನಡುವೆ. ಮೂವತ್ತೆರಡೂವರೆ ಲೀಟರು. ಕಂಪ್ಯೂಟರು ಮಾಡುವುದೂ ಇದೇ ಲೆಕ್ಕ. ಅದು ಬೇಗ ಮಾಡುತ್ತದೆ, ಅಷ್ಟೇ.

ಪಟ್ಟಿಯಲ್ಲಿ ಒಂದು ಸಾಲು ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಆಮೇಲೆ ಕಂಪ್ಯೂಟರು ದಿನವೂ ತಪ್ಪೇ ಹೇಳುತ್ತದೆ. "ಕಂಪ್ಯೂಟರು ಹೇಳ್ತು" ಅಂತ ಎಲ್ಲರೂ ನಂಬುತ್ತಾರೆ. ಅದಕ್ಕೆ ಸುರಿಯುವಾಗ ಇಬ್ಬರು ಇರಬೇಕು. ಒಬ್ಬರು ಓದಬೇಕು, ಒಬ್ಬರು ಬರೆಯಬೇಕು. ಚಾಲಕರೂ ಅಲ್ಲೇ ನಿಂತು ನೋಡಬೇಕು. ಅವರ ಹೆಸರಿನ ಪ್ರಶ್ನೆ ಅದು.

ಸೆನ್ಸರ್ ಮಾತು ಕೇಳಿ, ಕೂಡಲೇ ತೀರ್ಪು ಕೊಡಬೇಡಿ

ಗಾಡಿ ನಿಂತಿದೆ. ಇಂಜಿನು ಆರಿದೆ. ಹತ್ತು ನಿಮಿಷದಲ್ಲಿ 20 ಲೀಟರು ಇಳಿಯಿತು ಅಂತ ಸೆನ್ಸರ್ ಹೇಳುತ್ತದೆ. ಆಗ ಕೇಳಲೇಬೇಕು. ಡೀಸೆಲ್ ಕದ್ದಿರಬಹುದು. ಪೈಪು ಒಡೆದು ಸೋರಿರಬಹುದು. ಹೋಗಿ ನೋಡಬೇಕು.

ಆದರೆ ಒಂದು ಲೀಟರು ಅರ್ಧ ಲೀಟರು ವ್ಯತ್ಯಾಸಕ್ಕೆ ಯಾರ ಮೇಲೂ ಬೆರಳು ತೋರಿಸಬಾರದು. ಯಾಕೆ ಅಂತ ಹೇಳುತ್ತೇನೆ. ಡೀಸೆಲ್ ಬಿಸಿಲಿಗೆ ಹಿಗ್ಗುತ್ತದೆ. ತಂಪಿಗೆ ಕುಗ್ಗುತ್ತದೆ. 10 ಡಿಗ್ರಿ ಬಿಸಿ ಹೆಚ್ಚಾದರೆ 100 ಲೀಟರಿಗೆ ಸುಮಾರು 800 ಮಿಲಿ ಲೀಟರು ಹಿಗ್ಗುತ್ತದೆ. ರಾತ್ರಿ ತಂಪಿಗೆ ಮತ್ತೆ ಕುಗ್ಗುತ್ತದೆ. ಯಾರೂ ಕದ್ದಿಲ್ಲ. ಬಿಸಿಲು ಕೊಟ್ಟಿತು, ತಂಪು ತೆಗೆದುಕೊಂಡಿತು.

ಗಾಡಿ ಓರೆ ನಿಂತಿದ್ದರೂ ವ್ಯತ್ಯಾಸ ಬರುತ್ತದೆ. ತಂತಿ ಸಡಿಲ ಆದರೂ ಬರುತ್ತದೆ. ನೀರು ಸೇರಿದರೂ ಬರುತ್ತದೆ. ಅದಕ್ಕೆ ಮಟ್ಟ ನೋಡುವಾಗ ಗಾಡಿ ಸಮತಟ್ಟಾದ ಒಂದೇ ಜಾಗದಲ್ಲಿ ನಿಲ್ಲಲಿ. ಒಂದೇ ಹೊತ್ತಿನಲ್ಲಿ ನೋಡಿ.

ಬಂಕಿನಲ್ಲಿ ನಿಮ್ಮ ಹಕ್ಕು

ಟ್ಯಾಂಕಿನ ಒಳಗಿನ ಲೆಕ್ಕ ಸರಿ ಇರಬೇಕಾದರೆ ಒಳಗೆ ಬರುವ ಲೆಕ್ಕವೂ ಸರಿ ಇರಬೇಕು. ಬಂಕಿನಲ್ಲಿ ಹಾಕಿಸುವ ಮೊದಲು ಮೀಟರು ನೋಡಿ. ಸೊನ್ನೆ ಇರಬೇಕು. ನೀವು ಈಗ ಸೊನ್ನೆ ಓದುತ್ತೀರಿ. ಹಾಕಿಸಿದ ಮೇಲೆ ಲೀಟರು ಎಷ್ಟು, ರೂಪಾಯಿ ಎಷ್ಟು ಅಂತ ಓದಿ. ಚೀಟಿ ಕೇಳಿ ತೆಗೆದುಕೊಳ್ಳಿ.

ಅಳತೆಯ ಮೇಲೆ ಅನುಮಾನ ಬಂದರೆ ಪರೀಕ್ಷೆ ಮಾಡಿಸಲು ಕೇಳಬಹುದು. ಪ್ರತಿ ಬಂಕಿನಲ್ಲೂ ಮುದ್ರೆ ಇರುವ 5 ಲೀಟರಿನ ಅಳತೆ ಇಟ್ಟಿರಬೇಕು. ಅದಕ್ಕೆ ಹಾಕಿ ತೋರಿಸಲು ಹೇಳಿ. 5 ಲೀಟರಿಗೆ 25 ಮಿಲಿ ಲೀಟರಿನವರೆಗೆ ವ್ಯತ್ಯಾಸಕ್ಕೆ ಅವಕಾಶ ಇದೆ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆ, ಇವೆಲ್ಲಕ್ಕೂ ಮುದ್ರೆ ಹಾಕುವ ಇಲಾಖೆ ಅದೇ. ಇದಕ್ಕೆ 2009ರ ಕಾನೂನು ಇದೆ.

ಮರೆಯಬಾರದ ಮಾತುಗಳು

ಡೀಸೆಲ್ಲನ್ನು ಪೈಪು ಹಾಕಿ ಬಾಯಿಂದ ಎಳೆಯಬೇಡಿ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ವಾಂತಿ ಆಗುವಾಗಲೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡೀಸೆಲ್ಲನ್ನು ನೀರಿನ ಬಾಟಲಿಯಲ್ಲಿ, ಚೊಂಬಿನಲ್ಲಿ ಇಡಬೇಡಿ. ಮಕ್ಕಳು ನೀರು ಅಂತ ಕುಡಿದಾರು. ಅಳತೆಗೆ ಬಳಸಿದ ಪಾತ್ರೆಯನ್ನು ಅಡುಗೆಮನೆಗೆ ತರಬೇಡಿ.

ಗಾಡಿಯ ಜೊತೆ ಒಂದು ಪುಸ್ತಕ ಇಡಿ. ಅದರಲ್ಲಿ ಐದು ವಿಷಯ ಬರೆಯಿರಿ. ತಾರೀಖು. ಹತ್ತುವಾಗ ಗಂಟೆಯ ಮೀಟರು ಅಥವಾ ಕಿಲೋಮೀಟರು. ಇಳಿಯುವಾಗ ಅದೇ ಮೀಟರು. ಹಾಕಿಸಿದ ಡೀಸೆಲ್ ಎಷ್ಟು ಲೀಟರು. ಓಡಿಸಿದವರ ಸಹಿ. ಇಷ್ಟು ಬರೆಯಲು ಎರಡು ನಿಮಿಷ ಸಾಕು.

ಟ್ಯಾಂಕು ಬದಲಾಯಿಸಿದರೆ, ಟ್ಯಾಂಕಿಗೆ ಪೆಟ್ಟು ಬಿದ್ದು ತಗ್ಗಾದರೆ, ಹಳೆಯ ಪಟ್ಟಿ ನಡೆಯುವುದಿಲ್ಲ. ಮತ್ತೆ ಅಳತೆ ಹೊಂದಿಸಬೇಕು.

ತಾಯಂದಿರೆ, ಬಡವರ ಹತ್ತಿರ ದುಡ್ಡು ಇಲ್ಲದಿದ್ದರೂ ಹೆಸರು ಇರುತ್ತದೆ. ಆ ಹೆಸರಿನ ಮೇಲೆ ಯಾರಾದರೂ ಕೆಸರು ಎರಚಿದರೆ ಹಿಂದೆ ದೇವರ ಮೇಲೆ ಆಣೆ ಇಡುತ್ತಿದ್ದೆವು. ಈಗ ನಿಮ್ಮ ಕೈಯಲ್ಲಿ ಪುಸ್ತಕ ಇದೆ. ಪೆನ್ಸಿಲು ಇದೆ. ಬರೆದಿಡಿ. ಇನ್ನೊಬ್ಬರ ಮೇಲೆ ಅನುಮಾನ ಬಂದಾಗಲೂ ಮೊದಲು ಅಳೆಯಿರಿ. ಆಮೇಲೆ ಮಾತಾಡಿ.



ಮನೆಯಲ್ಲಿ ಮಾಡಿ ನೋಡಿ

1. ಮನೆಯ ಕೊಡಕ್ಕೆ ಒಂದೊಂದೇ ಲೀಟರು ನೀರು ಹಾಕಿ, ಕಡ್ಡಿಗೆ ಗೆರೆ ಹಾಕಿ. ಗೆರೆಗಳು ಎಲ್ಲಿ ಹತ್ತಿರ ಇವೆ? ಎಲ್ಲಿ ದೂರ ಇವೆ? ಯಾಕೆ?

2. ಒಂದು ಟ್ರ್ಯಾಕ್ಟರು 6 ಗಂಟೆಗೆ 24 ಲೀಟರು ಡೀಸೆಲ್ ಸುಟ್ಟಿತು. ಗಂಟೆಗೆ ಎಷ್ಟು ಲೀಟರು?

3. ಸೆನ್ಸರ್ ಕೊಳವೆ ಟ್ಯಾಂಕಿನ ತಳವನ್ನು ಯಾಕೆ ಮುಟ್ಟಬಾರದು?

4. ನಿಮ್ಮ ಸಂಘದ ಗಾಡಿಗೆ, ಇಲ್ಲದಿದ್ದರೆ ಮನೆಯ ಗ್ಯಾಸು ಸಿಲಿಂಡರಿಗೆ, ಒಂದು ಲೆಕ್ಕದ ಪುಸ್ತಕ ಮಾಡಿ. ಮೊದಲ ಸಾಲು ಇವತ್ತೇ ಬರೆಯಿರಿ.